ದೊಡ್ಡ ಪರದೆಯ ಟಿ.ವಿ. ಖರೀದಿ: ಕೋಣೆಯ ಅಳತೆ, ಖಾತೆಯ ಅಳತೆ

ವ್ಯಾಪಾರದಲ್ಲಿ ನಾಲ್ಕು ಕಾಸು ಉಳಿದ ವರ್ಷ ಮನೆಗೊಂದು ದೊಡ್ಡ ಟಿ.ವಿ. ತರಬೇಕೆಂಬ ಆಸೆ ಸಹಜವಾದುದು. ಮಕ್ಕಳು ಕ್ರಿಕೆಟ್ ಪಂದ್ಯದ ನೆಪ ಹೇಳುತ್ತಾರೆ, ಮನೆಯವರು ಧಾರಾವಾಹಿಯ ನೆಪ ಹೇಳುತ್ತಾರೆ, ಯಜಮಾನರು ಹಳೆಯ ಚಲನಚಿತ್ರಗಳ ನೆಪ ಹೇಳುತ್ತಾರೆ. ಅಕ್ಕೋಳದಂತಹ ಊರಿನಲ್ಲಿರುವ ವರ್ತಕರಿಗೆ ಇದಕ್ಕಾಗಿ ಎರಡು ದಾರಿಗಳಿವೆ. ಒಂದು ನಿಪ್ಪಾಣಿಯ ಅಂಗಡಿ. ಇನ್ನೊಂದು ಗಡಿ ದಾಟಿದರೆ ಸಿಗುವ ಕೊಲ್ಹಾಪುರದ ಮಳಿಗೆ. ಎರಡೂ ಕಡೆ ಬೆಲೆಯ ಚೌಕಾಸಿ ಚೆನ್ನಾಗಿಯೇ ನಡೆಯುತ್ತದೆ. ಆದರೆ ಚೌಕಾಸಿಯಲ್ಲಿ ಉಳಿಸಿದ ಎರಡು ಸಾವಿರ ರೂಪಾಯಿಗಳನ್ನು ತಪ್ಪು ಅಳತೆಯ ಪರದೆ, ತಪ್ಪು ತಂತ್ರಜ್ಞಾನ ಅಥವಾ ತಪ್ಪು ಬಿಲ್ಲು ಒಂದೇ ಏಟಿಗೆ ನುಂಗಿಹಾಕಬಲ್ಲದು ಎಂಬ ಅಂಶವು ಖರೀದಿಯ ಹೊತ್ತಿನಲ್ಲಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ.

ದೊಡ್ಡ ಪರದೆಯ ಟಿ.ವಿ.ಯನ್ನು ಆಯ್ಕೆ ಮಾಡುವ ಬಗೆ, ಅದನ್ನು ಮನೆಯ ಖರ್ಚಿಗೆ ಬರೆಯಬೇಕೋ ವ್ಯಾಪಾರದ ಖಾತೆಗೆ ಬರೆಯಬೇಕೋ ಎಂಬ ನಿರ್ಣಯ, ಹಾಗೂ ಇಂತಹ ಸರಕನ್ನು ಮಾರುವ ವಿತರಕರು ದಾಸ್ತಾನನ್ನು ಬೆಲೆಕಟ್ಟುವ ಕ್ರಮ, ಈ ಮೂರನ್ನು ಒಟ್ಟಿಗೆ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಇದಕ್ಕೆ ಆರಂಭವಾಗಿ, ಒಂದು ಕಾಲದಲ್ಲಿ ಬಲು ಪ್ರತಿಷ್ಠೆಯದಾಗಿದ್ದು ಈಗ ಮಾರುಕಟ್ಟೆಯಿಂದಲೇ ಮರೆಯಾಗಿರುವ ಹಿಂಬದಿ ಪ್ರಕ್ಷೇಪಣ ಟಿ.ವಿ.ಯ, ಅಂದರೆ ರೇರ್ ಪ್ರೊಜೆಕ್ಷನ್ ಟಿ.ವಿ.ಯ, ಕಥೆಯನ್ನು ತಿಳಿಯುವುದು ಲೇಸು.

ಹಿಂಬದಿ ಪ್ರಕ್ಷೇಪಣ ಟಿ.ವಿ. ಕಲಿಸಿದ ಪಾಠ

ಸಾಮಾನ್ಯ ಚಿತ್ರನಳಿಕೆಯ ಟಿ.ವಿ.ಯಲ್ಲಿ ಪರದೆ ದೊಡ್ಡದಾದಂತೆ ಗಾಜಿನ ತೂಕ ಮಿತಿಮೀರಿ ಬೆಳೆಯುತ್ತಿತ್ತು. ಆದ್ದರಿಂದ ನಲವತ್ತು ಅಂಗುಲಕ್ಕಿಂತ ದೊಡ್ಡ ಚಿತ್ರ ಬೇಕೆಂದವರಿಗಾಗಿ ತಯಾರಕರು ಬೇರೊಂದು ಉಪಾಯವನ್ನು ಹೂಡಿದರು. ಪೆಟ್ಟಿಗೆಯೊಳಗೆ ಕೆಂಪು, ಹಸಿರು, ನೀಲಿ ಬಣ್ಣಗಳ ಮೂರು ಸಣ್ಣ ನಳಿಕೆಗಳನ್ನಿಟ್ಟು, ಅವುಗಳ ಬೆಳಕನ್ನು ಮಸೂರ ಮತ್ತು ಕನ್ನಡಿಯ ಮೂಲಕ ಪರದೆಯ ಹಿಂಭಾಗಕ್ಕೆ ಬೀಳಿಸಿದರು. ಇದೇ ಹಿಂಬದಿ ಪ್ರಕ್ಷೇಪಣ. ಮೂರು ಬಣ್ಣದ ಚಿತ್ರಗಳು ಕರಾರುವಾಕ್ಕಾಗಿ ಒಂದರ ಮೇಲೊಂದು ಕೂರಬೇಕಿತ್ತು. ಕೂರದಿದ್ದರೆ ಅಕ್ಷರಗಳ ಅಂಚಿನಲ್ಲಿ ಬಣ್ಣದ ನೆರಳು ಕಾಣಿಸುತ್ತಿತ್ತು. ವಾಹಿನಿಯ ಲಾಂಛನದಂತಹ ಅಲುಗಾಡದ ಚಿತ್ರ ಬಹುಕಾಲ ನಿಂತರೆ ನಳಿಕೆಯ ಮೇಲೆ ಅಳಿಸಲಾಗದ ಗುರುತು ಉಳಿಯುತ್ತಿತ್ತು. ಎದುರಿಗೆ ಕುಳಿತವರಿಗೆ ಚಿತ್ರ ಉಜ್ವಲವಾಗಿ ಕಂಡರೂ, ಎದ್ದು ನಿಂತವರಿಗೂ ಪಕ್ಕದಲ್ಲಿ ಕುಳಿತವರಿಗೂ ಅದು ಮಂಕಾಗುತ್ತಿತ್ತು.

ಅನಂತರದ ಪೀಳಿಗೆಯಲ್ಲಿ ನಳಿಕೆಗಳ ಸ್ಥಾನಕ್ಕೆ ಅತಿ ಸಣ್ಣ ಚಿಪ್ಪುಗಳು ಬಂದವು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಲ್ಯಾರಿ ಹಾರ್ನ್‌ಬೆಕ್ ಅವರು 1987ರಲ್ಲಿ ರೂಪಿಸಿದ, ಲಕ್ಷಾಂತರ ಸೂಕ್ಷ್ಮ ಕನ್ನಡಿಗಳುಳ್ಳ ಚಿಪ್ಪು ಡಿ.ಎಲ್.ಪಿ. ಟಿ.ವಿ.ಗಳಿಗೆ ಆಧಾರವಾಯಿತು. ಎಲ್.ಸಿ.ಡಿ. ಚಿಪ್ಪಿನ ಮಾದರಿಗಳೂ ಬಂದವು. ಪೆಟ್ಟಿಗೆಯ ದಪ್ಪ ಕಡಿಮೆಯಾಯಿತು, ಬೆಳಕು ಹೆಚ್ಚಿತು. ಆದರೆ ಹೊಸದೊಂದು ಖರ್ಚು ಸೇರಿಕೊಂಡಿತು. ಬೆಳಕಿಗಾಗಿ ಅಳವಡಿಸಿದ್ದ ಅಧಿಕ ಶಕ್ತಿಯ ದೀಪವು ಕೆಲವು ಸಾವಿರ ಗಂಟೆಗಳ ಬಳಿಕ ಮಂಕಾಗುತ್ತಿತ್ತು. ಆಗ ಅದನ್ನು ಬದಲಿಸಲೇಬೇಕಿತ್ತು.

ಅಷ್ಟರಲ್ಲಿ ಗೋಡೆಗೆ ತೂಗುಹಾಕಬಹುದಾದ ಚಪ್ಪಟೆ ಎಲ್.ಸಿ.ಡಿ. ಮತ್ತು ಪ್ಲಾಸ್ಮಾ ಟಿ.ವಿ.ಗಳ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯತೊಡಗಿತು. ಸೋನಿ ಕಂಪನಿಯು ಹಿಂಬದಿ ಪ್ರಕ್ಷೇಪಣ ಟಿ.ವಿ.ಗಳ ತಯಾರಿಕೆಯಿಂದ ಹೊರಬರುವುದಾಗಿ 2007ರ ಡಿಸೆಂಬರಿನಲ್ಲಿ ಘೋಷಿಸಿತು. ಕೊನೆಯವರೆಗೆ ಉಳಿದಿದ್ದ ಮಿತ್ಸುಬಿಷಿ ಕಂಪನಿಯೂ 2012ರ ಡಿಸೆಂಬರಿನಲ್ಲಿ ತಯಾರಿಕೆಯನ್ನು ಕೈಬಿಟ್ಟಿತು. ಅದನ್ನು ಸೋಲಿಸಿದ ಪ್ಲಾಸ್ಮಾ ಕೂಡ ಬಹುಕಾಲ ಬಾಳಲಿಲ್ಲ. ಪ್ಯಾನಾಸೋನಿಕ್ ಕಂಪನಿಯು 2013ರ ಕೊನೆಗೆ ಪ್ಲಾಸ್ಮಾ ಪರದೆಗಳ ತಯಾರಿಕೆಯನ್ನು ನಿಲ್ಲಿಸಿತು.

ಇದರಿಂದ ಹೊರಡುವ ತಾತ್ಪರ್ಯವಿಷ್ಟೆ. ಹಿಂಬದಿ ಪ್ರಕ್ಷೇಪಣ ಟಿ.ವಿ. ಕೆಟ್ಟ ಸರಕಾಗಿರಲಿಲ್ಲ. ಕೊಟ್ಟ ಹಣಕ್ಕೆ ಸಿಗುವ ಪರದೆಯ ವಿಸ್ತಾರವನ್ನು ಲೆಕ್ಕ ಹಾಕಿದರೆ ಅದರ ಕಾಲದಲ್ಲಿ ಅದೇ ಅಗ್ಗವಾಗಿತ್ತು. ಆದರೆ ಅದರ ಉತ್ತರಾಧಿಕಾರಿಯು ಬಾಗಿಲಲ್ಲಿ ನಿಂತಿರುವಾಗ ಕೊಂಡವರಿಗೆ ಟಿ.ವಿ. ಉಳಿಯಿತು, ದೀಪ ಮತ್ತು ಬಿಡಿಭಾಗ ಸಿಗುವುದು ದುರ್ಲಭವಾಯಿತು. ಯಂತ್ರವೊಂದರ ಆಯುಷ್ಯವನ್ನು ಅದರ ಕವಚವಲ್ಲ, ಅದರ ಬಿಡಿಭಾಗ ನಿರ್ಧರಿಸುತ್ತದೆ ಎಂಬುದನ್ನು ಸಣ್ಣ ಕೈಗಾರಿಕೋದ್ಯಮಿಗಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಮೊದಲು ಕೋಣೆ, ಆಮೇಲೆ ಪರದೆ

ಮಳಿಗೆಯ ವಿಶಾಲ ಹಜಾರದಲ್ಲಿ ಸಣ್ಣದೆನಿಸುವ ಟಿ.ವಿ. ಮನೆಯ ಪಡಸಾಲೆಯಲ್ಲಿ ಗೋಡೆಯನ್ನೇ ನುಂಗುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಟೇಪು ಹಿಡಿದು, ಕುಳಿತು ನೋಡುವ ಜಾಗದಿಂದ ಟಿ.ವಿ. ಇಡುವ ಗೋಡೆಯವರೆಗಿನ ದೂರವನ್ನು ಅಳೆದು ಬರೆದುಕೊಳ್ಳಬೇಕು.

ಟಿ.ವಿ.ಯ ಅಳತೆಯೆಂದರೆ ಪರದೆಯ ಕರ್ಣದ ಅಳತೆ. 16:9 ಅನುಪಾತದ 55 ಅಂಗುಲದ ಪರದೆ ಸುಮಾರು 122 ಸೆಂ.ಮೀ. ಅಗಲ, 68 ಸೆಂ.ಮೀ. ಎತ್ತರ ಇರುತ್ತದೆ. 65 ಅಂಗುಲದ್ದು 144 ಸೆಂ.ಮೀ. ಅಗಲ, 81 ಸೆಂ.ಮೀ. ಎತ್ತರ, 75 ಅಂಗುಲದ್ದು 166 ಸೆಂ.ಮೀ. ಅಗಲ, 93 ಸೆಂ.ಮೀ. ಎತ್ತರ. 55ರಿಂದ 65ಕ್ಕೆ ಹೋದರೆ ಹೆಚ್ಚುವುದು ಹತ್ತೇ ಅಂಗುಲವೆಂದು ತೋರಿದರೂ ಪರದೆಯ ವಿಸ್ತೀರ್ಣ ಸುಮಾರು ಶೇ. 40ರಷ್ಟು ಬೆಳೆಯುತ್ತದೆ. ಬೆಲೆಯ ಹೋಲಿಕೆಯನ್ನು ಅಂಗುಲದಿಂದಲ್ಲದೆ ವಿಸ್ತೀರ್ಣದಿಂದ ಮಾಡುವುದು ಸರಿಯಾದ ಕ್ರಮ.

ಮನೆಯ ಚಿತ್ರಮಂದಿರಕ್ಕೆ ಪರದೆಯು ನೋಡುಗರ ಕಣ್ಣಿಗೆ ಸುಮಾರು 30 ಡಿಗ್ರಿ ಕೋನವನ್ನು ತುಂಬಬೇಕೆಂಬುದು ಬಳಕೆಯಲ್ಲಿರುವ ಒಂದು ಮಾನದಂಡ. ಇದನ್ನು ಲೆಕ್ಕಕ್ಕಿಳಿಸಿದರೆ ಕುಳಿತುಕೊಳ್ಳುವ ದೂರವು ಕರ್ಣದ 1.6 ಪಟ್ಟು ಆಗುತ್ತದೆ. ಅದರಂತೆ 43 ಅಂಗುಲಕ್ಕೆ 1.8 ಮೀಟರು, 55 ಅಂಗುಲಕ್ಕೆ 2.3 ಮೀಟರು, 65 ಅಂಗುಲಕ್ಕೆ 2.7 ಮೀಟರು, 75 ಅಂಗುಲಕ್ಕೆ 3.1 ಮೀಟರು ದೂರ ಯೋಗ್ಯ. ಹತ್ತು ಅಡಿ ಅಗಲದ ಪಡಸಾಲೆಯಲ್ಲಿ ಗೋಡೆಗೆ ಆನಿಸಿದ ದಿವಾನದ ಮೇಲೆ ಕುಳಿತರೆ ಕಣ್ಣಿಗೂ ಪರದೆಗೂ ನಡುವೆ ಸುಮಾರು ಎಂಟೂವರೆ ಅಡಿ, ಅಂದರೆ 2.6 ಮೀಟರು ಉಳಿಯುತ್ತದೆ. ಅಂತಹ ಮನೆಗೆ 55ರಿಂದ 65 ಅಂಗುಲವೇ ಸಾಕು.

ಇನ್ನೊಂದು ಅಂಶ ನೋಡುವ ಕಾರ್ಯಕ್ರಮಕ್ಕೆ ಸಂಬಂಧಿಸಿದ್ದು. ಸಾಧಾರಣ ಎಸ್.ಡಿ. ವಾಹಿನಿಯ ಚಿತ್ರದಲ್ಲಿ ಹೆಚ್ಚೆಂದರೆ 720 ಗುಣಿಸು 576, ಅಂದರೆ ಸುಮಾರು 4.15 ಲಕ್ಷ ಬಿಂದುಗಳಿರುತ್ತವೆ. 4ಕೆ ಪರದೆಯಲ್ಲಿ 3840 ಗುಣಿಸು 2160, ಅಂದರೆ ಸುಮಾರು 83 ಲಕ್ಷ ಬಿಂದುಗಳು. ಹೀಗೆ ಒಂದು ಬಿಂದುವಿನ ಮಾಹಿತಿಯನ್ನು ಟಿ.ವಿ.ಯು ಇಪ್ಪತ್ತು ಬಿಂದುಗಳಿಗೆ ಹಂಚಬೇಕಾಗುತ್ತದೆ. ಮನೆಯಲ್ಲಿ ದಿನದ ಬಹುಪಾಲು ಎಸ್.ಡಿ. ವಾಹಿನಿಗಳನ್ನೇ ನೋಡುವುದಾದರೆ ಪರದೆ ದೊಡ್ಡದಾದಷ್ಟೂ ಮುಖಗಳು ಕಲಸಿದಂತೆ ಕಾಣುತ್ತವೆ. ಅಂತಹವರು ಮಳಿಗೆಯವರು ತೋರಿಸುವ ಮಿರುಗುವ ಪ್ರದರ್ಶನ ಚಿತ್ರವನ್ನು ನಂಬದೆ, ತಾವು ದಿನವೂ ನೋಡುವ ವಾಹಿನಿಯನ್ನೇ ಹಾಕಿಸಿ ನೋಡಬೇಕು.

ಇಂದಿನ ಆಯ್ಕೆಗಳು

1. ಎಲ್.ಇ.ಡಿ. ಟಿ.ವಿ.: ಇದು ವಾಸ್ತವವಾಗಿ ಹಿಂದಿನಿಂದ ಎಲ್.ಇ.ಡಿ. ದೀಪ ಹೊತ್ತಿಸಿದ ಎಲ್.ಸಿ.ಡಿ. ಪರದೆ. ಕ್ಯೂ.ಎಲ್.ಇ.ಡಿ., ಮಿನಿ ಎಲ್.ಇ.ಡಿ. ಎಂಬ ಹೆಸರುಗಳೂ ಇದೇ ವಂಶದವು. ದೀಪಗಳು ಅಂಚಿನಲ್ಲಿ ಮಾತ್ರವಿದ್ದರೆ ಕಪ್ಪು ದೃಶ್ಯ ಬೂದಿಬಣ್ಣವಾಗಿ ಕಾಣುತ್ತದೆ. ಪರದೆಯ ಹಿಂದೆಲ್ಲ ಹರಡಿ, ಭಾಗಭಾಗವಾಗಿ ಆರಿಸಲು ಬರುವಂತಿದ್ದರೆ ಕಪ್ಪು ಗಾಢವಾಗುತ್ತದೆ. ಹಗಲಿನಲ್ಲಿ ಬಾಗಿಲು ತೆರೆದಿರುವ ಮನೆಗೂ ಅಂಗಡಿಗೂ ಇದೇ ಹೊಂದುತ್ತದೆ.

2. ಓ.ಎಲ್.ಇ.ಡಿ. ಟಿ.ವಿ.: ಇಲ್ಲಿ ಪ್ರತಿಯೊಂದು ಬಿಂದುವೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಕತ್ತಲೆ ಕೋಣೆಯಲ್ಲಿ ಚಲನಚಿತ್ರ ನೋಡಲು ಇದಕ್ಕೆ ಸಮನಾದುದು ವಿರಳ. ಬೆಲೆ ಹೆಚ್ಚು. ಅಲುಗಾಡದ ಚಿತ್ರದ ಗುರುತು ಉಳಿಯುವ ಹಳೆಯ ದೋಷ ಇದಕ್ಕೂ ಸ್ವಲ್ಪಮಟ್ಟಿಗೆ ಇದೆ. ದಿನವಿಡೀ ಒಂದೇ ಸುದ್ದಿವಾಹಿನಿ ಅಥವಾ ದರಪಟ್ಟಿಯನ್ನು ತೋರಿಸುವ ಅಂಗಡಿಗೆ ಇದು ತಕ್ಕುದಲ್ಲ.

3. ಪ್ರೊಜೆಕ್ಟರು: ನೂರು ಅಂಗುಲದ ಚಿತ್ರವನ್ನು ಕಡಿಮೆ ಖರ್ಚಿನಲ್ಲಿ ಕೊಡುವ ಸಾಧನ. ಕತ್ತಲೆ ಕೋಣೆ ಕಡ್ಡಾಯ. ದೀಪದ ಮಾದರಿಯಲ್ಲಿ ದೀಪ ಬದಲಿಸುವ ಖರ್ಚು ಇದೆ.

4. ಲೇಸರ್ ಟಿ.ವಿ.: ಗೋಡೆಯ ಬುಡದಲ್ಲಿಟ್ಟು ಅತಿ ಸಮೀಪದಿಂದ ಮೇಲಕ್ಕೆ ಚಿತ್ರ ಚೆಲ್ಲುವ ಪ್ರೊಜೆಕ್ಟರಿಗೆ ಈಗ ಈ ಹೆಸರು. ಹಿಂಬದಿ ಪ್ರಕ್ಷೇಪಣದ ದೂರದ ಬಂಧುವೆನ್ನಬಹುದು. ದೀಪದ ಚಿಂತೆಯಿಲ್ಲ, ಆದರೆ ಇದಕ್ಕೆಂದೇ ಮಾಡಿದ ವಿಶೇಷ ಪರದೆಯಿಲ್ಲದೆ ಬರಿಯ ಗೋಡೆಯ ಮೇಲೆ ಹಗಲಿನಲ್ಲಿ ಚಿತ್ರ ಮಂಕಾಗುತ್ತದೆ. ಪರದೆಯ ಬೆಲೆಯನ್ನೂ ಕೂಡಿಸಿಯೇ ಹೋಲಿಸಬೇಕು.

ಯಾವುದನ್ನೇ ಕೊಂಡರೂ ಚಪ್ಪಟೆ ಟಿ.ವಿ.ಯ ಧ್ವನಿವರ್ಧಕ ತೆಳುವಾದುದು. ಮನೆಯ ಚಿತ್ರಮಂದಿರವೆಂಬ ಹೆಸರಿಗೆ ಅರ್ಥ ಬರಬೇಕಾದರೆ ಒಟ್ಟು ಹಣದಲ್ಲಿ ನಾಲ್ಕನೆಯ ಒಂದು ಭಾಗವನ್ನಾದರೂ ಧ್ವನಿಗೆ ಮೀಸಲಿಡುವುದು ಉಚಿತ. ಆರ್.ಸಿ.ಸಿ. ಛಾವಣಿ, ಫರಸಿ ನೆಲ, ಬರಿಯ ಗೋಡೆಗಳ ಕೋಣೆಯಲ್ಲಿ ಸಂಭಾಷಣೆ ಪ್ರತಿಧ್ವನಿಸುತ್ತದೆ. ದಪ್ಪ ಪರದೆ ಬಟ್ಟೆ ಮತ್ತು ಜಮಖಾನೆ ಹಾಕಿದರೆ ಅರ್ಧ ದೋಷ ಕಡಿಮೆಯಾಗುತ್ತದೆ. ಹಳೆಯ ಮಣ್ಣಿನ ಗೋಡೆಗೆ ದೊಡ್ಡ ಟಿ.ವಿ.ಯನ್ನು ತೂಗುಹಾಕುವ ಸಾಹಸ ಬೇಡ. ಮೇಜು ಅಥವಾ ಸ್ಟ್ಯಾಂಡಿನ ಮೇಲೆ ಇಡುವುದೇ ಕ್ಷೇಮ. ಹೆಸ್ಕಾಂ ಪೂರೈಕೆಯಲ್ಲಿ ವೋಲ್ಟೇಜ್ ಏರಿಳಿತವಿರುವ ಕಡೆ ಸ್ಟೆಬಿಲೈಸರ್ ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ದುಬಾರಿ ಟಿ.ವಿ. ಹಾಕಬಾರದು. 32 ಅಂಗುಲ ಮತ್ತು ಅದಕ್ಕಿಂತ ದೊಡ್ಡ ಟಿ.ವಿ.ಗಳಿಗೆ ಬಿ.ಐ.ಎಸ್. ನೋಂದಣಿ ಕಡ್ಡಾಯವಾದುದರಿಂದ ಆ ಗುರುತು ಪೆಟ್ಟಿಗೆಯ ಮೇಲಿದೆಯೇ ಎಂದು ನೋಡಿಕೊಳ್ಳಬೇಕು.

ಬೆಲೆಯಲ್ಲ, ಪೂರ್ಣ ವೆಚ್ಚ

ಟಿ.ವಿ.ಯೊಂದು ದಿನಕ್ಕೆ ನಾಲ್ಕು ಗಂಟೆ, ಅಂದರೆ ವರ್ಷಕ್ಕೆ 1,460 ಗಂಟೆ ಓಡುತ್ತದೆಂದು ಭಾವಿಸೋಣ. 150 ವ್ಯಾಟಿನ ಟಿ.ವಿ. ವರ್ಷಕ್ಕೆ 219 ಯೂನಿಟ್ ಬಳಸುತ್ತದೆ. ಯೂನಿಟ್ಟಿಗೆ 7 ರೂ. ಹಿಡಿದರೆ 1,533 ರೂ. ಆಯಿತು. 300 ವ್ಯಾಟಿನ ಪ್ರೊಜೆಕ್ಟರಿಗೆ ಇದರ ಎರಡರಷ್ಟು, ಅಂದರೆ 3,066 ರೂ. ಪ್ರೊಜೆಕ್ಟರಿನ ದೀಪ 4,000 ಗಂಟೆ ಬಾಳುತ್ತದೆ, ಬೆಲೆ 12,000 ರೂ. ಎಂದು ಊಹಿಸಿದರೆ ಗಂಟೆಗೆ 3 ರೂ.ನಂತೆ ವರ್ಷಕ್ಕೆ 4,380 ರೂ. ದೀಪದ ಸವೆತ. ಎರಡನ್ನೂ ಕೂಡಿಸಿದರೆ ಪ್ರೊಜೆಕ್ಟರಿನ ವಾರ್ಷಿಕ ಖರ್ಚು 7,446 ರೂ.; ಟಿ.ವಿ.ಯದು 1,533 ರೂ. ಐದು ವರ್ಷಗಳಲ್ಲಿ ವ್ಯತ್ಯಾಸ 29,565 ರೂ. ಅಗ್ಗವೆಂದು ಕಂಡದ್ದು ನಿಜವಾಗಿ ಅಗ್ಗವೇ ಎಂಬುದಕ್ಕೆ ಉತ್ತರ ಇಲ್ಲಿದೆ.

ಬಡ್ಡಿಯಿಲ್ಲದ ಕಂತು ಎಂಬ ಆಕರ್ಷಣೆಯನ್ನೂ ಪರೀಕ್ಷಿಸಬೇಕು. ಶೂನ್ಯ ಬಡ್ಡಿಯೆಂಬ ಪರಿಕಲ್ಪನೆಯೇ ಇಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ಕಂತಿನ ಬೆಲೆ 1,18,000 ರೂ., ಒಂದೇ ಬಾರಿಗೆ ಕೊಟ್ಟರೆ 1,12,000 ರೂ. ಎನ್ನುವ ಅಂಗಡಿಯಲ್ಲಿ ಹನ್ನೆರಡು ಕಂತುಗಳನ್ನು ಆರಿಸಿಕೊಂಡವರು 6,000 ರೂ. ಹೆಚ್ಚು ಕೊಡುತ್ತಾರೆ. ಅಸಲು ತಿಂಗಳು ತಿಂಗಳು ಕರಗುವುದರಿಂದ ಇದು ವಾರ್ಷಿಕ ಸುಮಾರು ಶೇ. 9.7ರ ಬಡ್ಡಿಗೆ ಸಮ. ಸಂಸ್ಕರಣಾ ಶುಲ್ಕವಿದ್ದರೆ ಅದು ಬೇರೆ.

ಮನೆಗೋ, ಅಂಗಡಿಗೋ?

ಇಲ್ಲಿಂದ ಮುಂದಿನದು ಖಾತೆಯ ವಿಷಯ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಟಿ.ವಿ.ಗಳ ಮೇಲಿನ ದರ ಶೇ. 28 ಇತ್ತು. 2019ರ ಜನವರಿ 1ರಿಂದ 32 ಅಂಗುಲದವರೆಗಿನ ಟಿ.ವಿ.ಗಳಿಗೆ ಶೇ. 18 ಆಯಿತು. 2025ರ ಸೆಪ್ಟೆಂಬರ್ 22ರಿಂದ 32 ಅಂಗುಲಕ್ಕಿಂತ ದೊಡ್ಡ ಟಿ.ವಿ.ಗಳಿಗೂ ಪ್ರೊಜೆಕ್ಟರುಗಳಿಗೂ ಶೇ. 18ರ ದರವೇ ಅನ್ವಯವಾಯಿತು. ಒಂದು ಲಕ್ಷ ರೂ. ಮೂಲಬೆಲೆಯ ಟಿ.ವಿ.ಯ ಮೇಲಿನ ತೆರಿಗೆ ಹೀಗೆ 28,000ದಿಂದ 18,000 ರೂ.ಗೆ ಇಳಿಯಿತು.

ಈಗ ಅಕ್ಕೋಳದ ಒಬ್ಬ ವರ್ತಕರನ್ನು ಕಲ್ಪಿಸಿಕೊಳ್ಳೋಣ. ಕೆಳಗೆ ಅಂಗಡಿ, ಮೇಲೆ ಮನೆ. ಜಿ.ಎಸ್.ಟಿ. ನೋಂದಣಿ ಇದೆ. ಒಂದು ಲಕ್ಷ ರೂ. ಬೆಲೆಯ ಟಿ.ವಿ.ಗೆ 18,000 ರೂ. ತೆರಿಗೆ ಸೇರಿ 1,18,000 ರೂ. ಬಿಲ್ಲು. ಅವರ ಮುಂದೆ ಮೂರು ದಾರಿಗಳಿವೆ.

ಮೊದಲನೆಯದು: ಟಿ.ವಿ.ಯು ನಿಜವಾಗಿಯೂ ಅಂಗಡಿಗೆ ಬೇಕು. ಗ್ರಾಹಕರಿಗೆ ಸರಕಿನ ಮಾದರಿ, ದರ ಮುಂತಾದವನ್ನು ತೋರಿಸಲು ಬಳಸುತ್ತಾರೆ. ಆಗ 18,000 ರೂ. ಇನ್‌ಪುಟ್ ತೆರಿಗೆ ಜಮೆ ದೊರೆಯುತ್ತದೆ. ಸ್ಥಿರಾಸ್ತಿಯ ಖಾತೆಗೆ 1,00,000 ರೂ. ಬರೆಯುತ್ತಾರೆ. ತೆರಿಗೆಯ ಮೊತ್ತವನ್ನೂ ಆಸ್ತಿಯ ಬೆಲೆಗೆ ಸೇರಿಸಿ ಅದರ ಮೇಲೆ ಸವಕಳಿ ಪಡೆದರೆ ತೆರಿಗೆ ಜಮೆ ಸಿಗುವುದಿಲ್ಲ; ಎರಡರಲ್ಲಿ ಒಂದು ಮಾತ್ರ. ಆದಾಯ ತೆರಿಗೆಯಲ್ಲಿ ಯಂತ್ರಸಾಮಗ್ರಿಯ ವರ್ಗಕ್ಕೆ ಶೇ. 15ರಂತೆ ಮೊದಲ ವರ್ಷ 15,000 ರೂ. ಸವಕಳಿ. ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ 7,500 ರೂ. ಮಾತ್ರ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ತೆರಿಗೆ ಜಮೆಯಿಲ್ಲ. ಅಂದಾಜು ಲಾಭದ ಯೋಜನೆಯಲ್ಲಿ ವಿವರಣ ಪತ್ರ ಸಲ್ಲಿಸುವವರಿಗೆ ಸವಕಳಿಯು ಆ ಲಾಭದಲ್ಲಿಯೇ ಕಳೆದಿದೆಯೆಂದು ಭಾವಿಸಲಾಗುತ್ತದೆ, ಪ್ರತ್ಯೇಕವಾಗಿ ಕೇಳುವಂತಿಲ್ಲ.

ಎರಡನೆಯದು: ಟಿ.ವಿ. ಮನೆಗೆ. ಆಗ ಪೂರ್ತಿ 1,18,000 ರೂ. ಮಾಲೀಕರ ಸ್ವಂತ ಖರ್ಚು. ವ್ಯಾಪಾರದ ಬ್ಯಾಂಕ್ ಖಾತೆಯಿಂದ ಕೊಟ್ಟಿದ್ದರೆ ಬಂಡವಾಳದ ಖಾತೆಗೆ ಖರ್ಚು ಬರೆಯಬೇಕು. ತೆರಿಗೆ ಜಮೆಯೂ ಇಲ್ಲ, ಸವಕಳಿಯೂ ಇಲ್ಲ.

ಮೂರನೆಯದು, ಹೆಚ್ಚಿನವರು ಜಾರುವ ದಾರಿ: ಬಿಲ್ಲು ಅಂಗಡಿಯ ಹೆಸರಿಗೆ, ಟಿ.ವಿ. ಮನೆಗೆ. ವೈಯಕ್ತಿಕ ಬಳಕೆಯ ಸರಕಿಗೆ ತೆರಿಗೆ ಜಮೆಯನ್ನು ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)ನೆಯ ಕಲಂ ಸ್ಪಷ್ಟವಾಗಿ ತಡೆಯುತ್ತದೆ. ಎರಡು ವರ್ಷಗಳ ಬಳಿಕ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ 18,000 ರೂ. ಹಿಂತಿರುಗಿಸಬೇಕು, ಜಮೆಯನ್ನು ಬಳಸಿಕೊಂಡಿದ್ದರೆ ಶೇ. 18ರ ಬಡ್ಡಿ ಎರಡು ವರ್ಷಕ್ಕೆ 6,480 ರೂ.; ಮೇಲೆ ದಂಡ. ಸವಕಳಿಯೂ ತಿರಸ್ಕೃತವಾಗುತ್ತದೆ. ಒಂದು ಟಿ.ವಿ.ಯ ಕಾರಣದಿಂದ ಉಳಿದ ಖರ್ಚುಗಳ ಮೇಲೂ ಅನುಮಾನ ಬೀಳುವುದು ಇದಕ್ಕಿಂತ ದೊಡ್ಡ ನಷ್ಟ. ಹಗಲು ಅಂಗಡಿಗೆ, ರಾತ್ರಿ ಮನೆಗೆ ಎಂಬ ಮಿಶ್ರ ಬಳಕೆಯಿದ್ದರೆ ವ್ಯಾಪಾರಕ್ಕೆ ಸಂದ ಭಾಗಕ್ಕೆ ಮಾತ್ರ ಜಮೆ ಮತ್ತು ಸವಕಳಿ. ಆ ಭಾಗವನ್ನು ಸಮರ್ಥಿಸುವ ಹೊಣೆ ವರ್ತಕರದೇ.

ಅಂಗಡಿಯ ಹೆಸರಿನ ಬಿಲ್ಲಿಗೆ ಇನ್ನೊಂದು ತೊಡಕೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರೆಂದು ಪರಿಗಣಿಸುವುದಿಲ್ಲ. ಜೀವನೋಪಾಯಕ್ಕಾಗಿ ಸ್ವಯಂ ಉದ್ಯೋಗ ಮಾಡುವವರಿಗೆ ಮಾತ್ರ ವಿನಾಯಿತಿ. ಮನೆಯ ಟಿ.ವಿ. ಕೆಟ್ಟು ಆಯೋಗದ ಮೆಟ್ಟಿಲೇರಿದಾಗ, ಬಿಲ್ಲಿನ ಮೇಲಿರುವ ಜಿ.ಎಸ್.ಟಿ. ಸಂಖ್ಯೆಯೇ ಎದುರುಪಕ್ಷದ ವಾದಕ್ಕೆ ಆಧಾರವಾಗಬಹುದು.

ನಗದಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. ವ್ಯಾಪಾರದ ಆಸ್ತಿಗೆ ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಆ ಮೊತ್ತ ಆಸ್ತಿಯ ಬೆಲೆಗೆ ಸೇರುವುದಿಲ್ಲ, ಅದರ ಮೇಲೆ ಸವಕಳಿಯೂ ಇಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆಯನ್ನು ಜಾರಿಗೆ ಗೊತ್ತುಪಡಿಸಿರುವುದರಿಂದ ಕಲಮುಗಳ ಸಂಖ್ಯೆಗಳನ್ನು ಆಯಾ ವರ್ಷಕ್ಕೆ ಅನುಗುಣವಾಗಿ ಸಲಹೆಗಾರರಲ್ಲಿ ಖಚಿತಪಡಿಸಿಕೊಳ್ಳುವುದು ಒಳಿತು.

ನಿಪ್ಪಾಣಿಯ ಬಿಲ್ಲು, ಕೊಲ್ಹಾಪುರದ ಬಿಲ್ಲು

ಗಡಿಭಾಗದ ವರ್ತಕರಿಗೆ ಇದು ನಿತ್ಯದ ಪ್ರಶ್ನೆ. ಕರ್ನಾಟಕದ ಜಿ.ಎಸ್.ಟಿ. ಸಂಖ್ಯೆ 29ರಿಂದಲೂ ಮಹಾರಾಷ್ಟ್ರದ್ದು 27ರಿಂದಲೂ ಆರಂಭವಾಗುತ್ತದೆ. ನಿಪ್ಪಾಣಿಯಲ್ಲಿ ಅಂಗಡಿಗಾಗಿ ಟಿ.ವಿ. ಕೊಂಡರೆ ಕೇಂದ್ರ ತೆರಿಗೆ ಶೇ. 9, ರಾಜ್ಯ ತೆರಿಗೆ ಶೇ. 9 ಹಾಕಿದ ಬಿಲ್ಲು ಬರುತ್ತದೆ. ಎರಡೂ ಜಮೆಗೆ ಸಲ್ಲುತ್ತವೆ. ಕೊಲ್ಹಾಪುರದಲ್ಲಿ ಕೊಂಡು, ಗಲ್ಲೆಯ ಮುಂದೆಯೇ ಸರಕು ಪಡೆದು, ಮಹಾರಾಷ್ಟ್ರದ ರಾಜ್ಯ ತೆರಿಗೆ ಹಾಕಿದ ಬಿಲ್ಲು ತಂದರೆ ಆ ತೆರಿಗೆ ಕರ್ನಾಟಕದ ನೋಂದಣಿದಾರರಿಗೆ ಜಮೆಯಾಗಿ ದೊರೆಯುವುದಿಲ್ಲ. 18,000 ರೂ. ಗಡಿಯ ಆಚೆಯೇ ಉಳಿಯಿತು. ಆದ್ದರಿಂದ ಅಂಗಡಿಯ ಬಳಕೆಗೆ ಕೊಳ್ಳುವವರು 29ರ ಸಂಖ್ಯೆಯನ್ನು ಮೊದಲೇ ಕೊಟ್ಟು, ಸರಕನ್ನು ಕರ್ನಾಟಕದ ವಿಳಾಸಕ್ಕೆ ತಲುಪಿಸುವ ಕರಾರಿನೊಂದಿಗೆ ಶೇ. 18ರ ಸಮಗ್ರ ತೆರಿಗೆ, ಅಂದರೆ ಐ.ಜಿ.ಎಸ್.ಟಿ., ಹಾಕಿದ ಬಿಲ್ಲನ್ನೇ ಪಡೆಯಬೇಕು. ಮೌಲ್ಯ 50,000 ರೂ. ಮೀರಿದರೆ ಇ-ವೇ ಬಿಲ್ಲನ್ನೂ ಮಾರಾಟಗಾರರಿಂದ ಮಾಡಿಸಿಕೊಳ್ಳಬೇಕು.

ಮನೆಗೆ ಕೊಳ್ಳುವವರಿಗೆ ಎರಡೂ ಕಡೆ ತೆರಿಗೆ ಶೇ. 18ಲೇ, ಜೇಬಿಗೆ ವ್ಯತ್ಯಾಸವಿಲ್ಲ. ಅವರು ಕೇಳಬೇಕಾದ ಪ್ರಶ್ನೆ ಬೇರೆ: ಖಾತರಿಯ ಅವಧಿಯಲ್ಲಿ ರಿಪೇರಿಯವರು ಊರಿಗೆ ಬರುತ್ತಾರೆಯೇ, ಅಥವಾ ಅಷ್ಟು ದೊಡ್ಡ ಪರದೆಯನ್ನು ವಾಹನದಲ್ಲಿ ಹೇರಿಕೊಂಡು ಹೋಗಬೇಕೇ? ಇದನ್ನು ಬಾಯಿಮಾತಿನಲ್ಲಲ್ಲದೆ ಬರಹದಲ್ಲಿ ಪಡೆಯುವುದು ಲೇಸು.

ಹಳೆಯದನ್ನು ಮಾರುವಾಗ

ತೆರಿಗೆ ಜಮೆ ಪಡೆದ ಟಿ.ವಿ.ಯನ್ನು ಎರಡು ವರ್ಷಗಳ ಬಳಿಕ 30,000 ರೂ.ಗೆ ಮಾರಿದರೆ ಶೇ. 18ರಂತೆ 5,400 ರೂ. ತೆರಿಗೆ ಸಾಕೆಂದು ಭಾವಿಸುವುದುಂಟು. ಅದು ತಪ್ಪು. ಪಡೆದ ಜಮೆಯಲ್ಲಿ ಪ್ರತಿ ತ್ರೈಮಾಸಿಕಕ್ಕೆ ಶೇ. 5ರಂತೆ ಎಂಟು ತ್ರೈಮಾಸಿಕಗಳಿಗೆ ಶೇ. 40 ಕಳೆದರೆ ಉಳಿಯುವುದು 10,800 ರೂ. ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಕಟ್ಟಬೇಕು. ಇಲ್ಲಿ 10,800 ರೂ. ಕಟ್ಟಬೇಕಾಗುತ್ತದೆ.

ಸವಕಳಿಯ ಲೆಕ್ಕದಲ್ಲಿಯೂ ಒಂದು ಸತ್ಯ ಅಡಗಿದೆ. ಶೇ. 15ರಂತೆ ಇಳಿಸುತ್ತ ಹೋದರೆ ಒಂದು ಲಕ್ಷ ರೂ.ನ ಟಿ.ವಿ. ಐದು ವರ್ಷಗಳ ಅಂತ್ಯಕ್ಕೆ ಪುಸ್ತಕದಲ್ಲಿ 44,371 ರೂ. ತೋರಿಸುತ್ತದೆ. ಪೇಟೆಯಲ್ಲಿ ಅದಕ್ಕೆ ಆ ಬೆಲೆ ಕೊಡುವವರು ಯಾರು? ತಂತ್ರಜ್ಞಾನದ ಸರಕಿನಲ್ಲಿ ಕಾಯ್ದೆಯ ಸವಕಳಿಗಿಂತ ಪೇಟೆಯ ಸವಕಳಿ ವೇಗವಾಗಿ ಓಡುತ್ತದೆ. ಅಢಾವೆ ಪತ್ರಿಕೆಯಲ್ಲಿ ಕಾಣುವ ಆಸ್ತಿಯೆಲ್ಲ ಆಸ್ತಿಯಲ್ಲ.

ವಿತರಕರಿಗೆ ಒಂದು ಮಾತು: ದಾಸ್ತಾನಿನ ಬೆಲೆ

ಹಿಂಬದಿ ಪ್ರಕ್ಷೇಪಣದಂತಹ ಸರಕು ಇಳಿಮುಖವಾದಾಗ ಹೆಚ್ಚು ಏಟು ಬೀಳುವುದು ದಾಸ್ತಾನು ಮಾಡಿದವರಿಗೆ. ವಿತರಕರೊಬ್ಬರ ಬಳಿ ತಲಾ 1,20,000 ರೂ. ಖರೀದಿಯ ನಾಲ್ಕು ಟಿ.ವಿ.ಗಳಿವೆಯೆಂದು ಭಾವಿಸೋಣ. ಮಾರ್ಚ್ 31ರಂದು ಹೊಸ ಮಾದರಿ ಬಂದು, ಇವು ತಲಾ 80,000 ರೂ.ಗಿಂತ ಹೆಚ್ಚಿಗೆ ಮಾರಾಟವಾಗುವಂತಿಲ್ಲ. ಭಾರತೀಯ ಸನದು ಲೆಕ್ಕಪರಿಶೋಧಕರ ಸಂಸ್ಥೆಯ ಎರಡನೆಯ ಲೆಕ್ಕ ಮಾನದಂಡದ ಪ್ರಕಾರ ದಾಸ್ತಾನನ್ನು ಖರೀದಿ ಬೆಲೆ ಅಥವಾ ಕೈಗೆ ಬರಬಹುದಾದ ನಿವ್ವಳ ಬೆಲೆ, ಇವುಗಳಲ್ಲಿ ಕಡಿಮೆಯದಕ್ಕೆ ಬೆಲೆಕಟ್ಟಬೇಕು. ಅಂದರೆ 4,80,000 ರೂ. ಅಲ್ಲ, 3,20,000 ರೂ.

ಖರೀದಿ ಬೆಲೆಯನ್ನೇ ಹಿಡಿದರೆ 1,60,000 ರೂ.ನಷ್ಟು ಇಲ್ಲದ ಲಾಭ ಕಾಣಿಸಿಕೊಳ್ಳುತ್ತದೆ. ಶೇ. 30ರ ಹಂತದಲ್ಲಿರುವ ಸಂಸ್ಥೆಯು ಉಪಕರ ಸೇರಿ ಶೇ. 31.2ರಂತೆ 49,920 ರೂ. ತೆರಿಗೆಯನ್ನು ಆ ವರ್ಷವೇ ಕಟ್ಟುತ್ತದೆ. ಪಾಲುದಾರರು ಇಲ್ಲದ ಲಾಭವನ್ನು ಹಂಚಿಕೊಳ್ಳುತ್ತಾರೆ. ಬ್ಯಾಂಕಿಗೆ ಕೊಡುವ ದಾಸ್ತಾನು ಪಟ್ಟಿಯೂ ಉಬ್ಬುತ್ತದೆ. ಮುಂದಿನ ವರ್ಷ ಮಾರಾಟವಾದಾಗ ನಷ್ಟ ಒಮ್ಮೆಗೇ ಎದುರಿಗೆ ಬಂದು ನಿಲ್ಲುತ್ತದೆ. ಬೆಲೆ ಇಳಿಸಿದ್ದಕ್ಕೆ ಆಧಾರವಾಗಿ ಕಂಪನಿಯ ಹೊಸ ದರಪಟ್ಟಿ, ಏಪ್ರಿಲ್ ತಿಂಗಳಲ್ಲಿ ಮಾರಿದ ಬಿಲ್ಲುಗಳು ಮೊದಲಾದವನ್ನು ಕಡತದಲ್ಲಿಟ್ಟಿರಬೇಕು.

ಖರೀದಿ ಬೆಲೆಗಿಂತ ಕಡಿಮೆಗೆ ನಿಜವಾಗಿ ಮಾರಿದರೆ ಪಡೆದ ತೆರಿಗೆ ಜಮೆಯನ್ನು ಹಿಂತಿರುಗಿಸಬೇಕಿಲ್ಲ. ಆದರೆ ಮಾರದೆ ಪುಸ್ತಕದಿಂದ ಪೂರ್ತಿಯಾಗಿ ತೆಗೆದುಹಾಕಿದರೆ, ಉಚಿತವಾಗಿ ಕೊಟ್ಟರೆ ಅಥವಾ ಮನೆಗೆ ಒಯ್ದರೆ ಜಮೆಯನ್ನು ಹಿಂತಿರುಗಿಸಬೇಕಾಗುತ್ತದೆ. ಕೊನೆಯ ಸರಕನ್ನು ಹಿಡಿದಿಟ್ಟು ಕೂರುವುದಕ್ಕಿಂತ ಸಿಕ್ಕ ಬೆಲೆಗೆ ಕಳುಹಿಸುವುದೇ ಲಾಭ.

ಕೆಟ್ಟುನಿಂತ ಹಳೆಯ ಟಿ.ವಿ.ಗಳನ್ನು ಗುಜರಿಯವರಿಗೆ ಒಡೆಯಲು ಕೊಡುವ ರೂಢಿ ಸರಿಯಲ್ಲ. ಚಿತ್ರನಳಿಕೆಯ ಗಾಜಿನಲ್ಲಿ ಸೀಸವಿರುತ್ತದೆ. ಪ್ರೊಜೆಕ್ಷನ್ ದೀಪಗಳಲ್ಲಿ ಪಾದರಸವಿರುತ್ತದೆ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಇವುಗಳನ್ನು ನೋಂದಾಯಿತ ಮರುಬಳಕೆದಾರರ ಮೂಲಕವೇ ವಿಲೇವಾರಿ ಮಾಡಬೇಕು. ಹೊಸದನ್ನು ಕೊಳ್ಳುವಾಗಲೇ ಹಳೆಯದನ್ನು ಹಿಂಪಡೆಯುವ ಕರಾರು ಮಾಡಿಕೊಳ್ಳುವುದು ಸುಲಭದ ದಾರಿ.

ಉಪಸಂಹಾರ

ಮೇಲಿನ ವಿವರಗಳನ್ನು ಹೀಗೆ ಸಂಗ್ರಹಿಸಬಹುದು:

1. ಅಂಗಡಿಗೆ ಹೋಗುವ ಮುನ್ನ ಕೋಣೆಯನ್ನು ಅಳೆಯಬೇಕು. ಕುಳಿತುಕೊಳ್ಳುವ ದೂರವನ್ನು 1.6ರಿಂದ ಭಾಗಿಸಿದರೆ ಪರದೆಯ ಕರ್ಣ ದೊರೆಯುತ್ತದೆ.
2. ದಿನವೂ ನೋಡುವ ವಾಹಿನಿಯನ್ನೇ ಹಾಕಿಸಿ ಪರೀಕ್ಷಿಸಬೇಕು.
3. ಬೆಲೆಗೆ ವಿದ್ಯುತ್ತು, ದೀಪ, ಪರದೆ, ಧ್ವನಿ, ಸ್ಟೆಬಿಲೈಸರ್ ಇವುಗಳ ಖರ್ಚನ್ನು ಕೂಡಿಸಿ ಹೋಲಿಸಬೇಕು.
4. ಬಿಡಿಭಾಗ ಮತ್ತು ರಿಪೇರಿಯ ಸೌಲಭ್ಯ ಎಷ್ಟು ವರ್ಷ ಎಂಬುದನ್ನು ಬರಹದಲ್ಲಿ ಪಡೆಯಬೇಕು.
5. ಟಿ.ವಿ. ಎಲ್ಲಿ ಬಳಕೆಯಾಗುವುದೋ ಬಿಲ್ಲೂ ಅದೇ ಹೆಸರಿಗೆ ಇರಬೇಕು.
6. ಗಡಿಯಾಚೆಯಿಂದ ಅಂಗಡಿಗೆ ಕೊಳ್ಳುವುದಾದರೆ ಸಮಗ್ರ ತೆರಿಗೆಯ ಬಿಲ್ಲನ್ನೇ ಪಡೆಯಬೇಕು.
7. ವಿತರಕರು ವರ್ಷಾಂತ್ಯದ ದಾಸ್ತಾನನ್ನು ಪೇಟೆಯ ನಿಜಬೆಲೆಯೊಂದಿಗೆ ಹೋಲಿಸಿ ನೋಡಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಟಿ.ವಿ.ಯ ವಿಷಯದಲ್ಲಿ ಕೋಣೆ ಇದ್ದಷ್ಟು ಪರದೆ, ಬಳಕೆ ಇದ್ದಷ್ಟು ಖಾತೆ ಎಂದು ಅದನ್ನು ತಿದ್ದಿಕೊಳ್ಳಬಹುದು. ಟಿ.ವಿ.ಗೆ ಅನ್ವಯಿಸುವ ಈ ಲೆಕ್ಕವೇ ನಾಳೆ ಪ್ಯಾಕಿಂಗ್ ಯಂತ್ರಕ್ಕೂ ಮಗ್ಗಕ್ಕೂ ಮುದ್ರಣ ಯಂತ್ರಕ್ಕೂ ಅನ್ವಯಿಸುತ್ತದೆ. ಅಗ್ಗವಾಗಿ ಸಿಗುವ ಯಂತ್ರದ ಬಳಿ ನಿಂತು, ಐದು ವರ್ಷಗಳ ಬಳಿಕ ಇದರ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಕೇಳುವ ಅಭ್ಯಾಸ ಬೆಳೆದರೆ, ಮನೆಯ ಟಿ.ವಿ. ಖರೀದಿಯಿಂದ ವ್ಯಾಪಾರಕ್ಕೂ ಒಂದು ಲಾಭ ಉಂಟಾದಂತೆಯೇ ಸರಿ.